ಒಳಗಿಂದು ಹೊರಗ

ಮೇ ತಿಂಗಳ ಸೋಲಾಪುರದಾಗ
ನಳದ ನೀರೂ ಜ್ವರ ಬಂದೋರ ಮೈ ಹಂಗ.
ನಾಕು ದಿನಕ್ಕೊಮ್ಮೆ ಬರತದ, ಬಂದರ
ಮೂವತ್ತಾರು ಡಿಗ್ರಿ. ಅಳದೀನಿ,
ರಂಗಿನಖಾತೆಯ ಥರ್ಮಾಮೀಟರ್ ಮನಿಗೆ ತಂದು.

ಮೊದಲ ಸಲ ಡಬರಿ ಹಂಗ ಬಿಟ್ಟಿದ್ದೆ, ಆರಲಿ ಅಂತ:
ಮೊಳಕಿ ಬರಿಸಿ ಒಣಗಿಸಿದ ಮಾಲದಂಡಿ ಜ್ವಾಳ,
ಕೊರಿಯರಿನಾಗ ಬಂದ ಹಾಪ್ಸ್ ಹೂವು,
ಒಂದು ತಾಸು ಕುದ್ದ ಕಹಿ-ಸಿಹಿ ರಸ.
ಬೆಳತನಕ ಆರಲಿಲ್ಲ. ನಾ ಯೀಸ್ಟ್ ಹಾಕೂದರಾಗ
ಯಾರೋ ಮೊದಲ ಬಂದು ಉಂಡು ಹೋಗಿದ್ದರು.
ಮೂರನೇ ದಿನಕ್ಕ ಹಳಸಿದ ಅಂಬಲಿ ನಾತ.
ಹದಿನೆಂಟು ಲೀಟರ್ ಮೋರಿಗೆ ಸುರುವಿದೆ.

ಹದಿನಾರು ವರ್ಷ ಟಾವೆಲ್ ಮಿಲ್ಲಿನಾಗ
ಕುದಿಯೋ ಬಣ್ಣ ತಣಿಸೂದೇ ನನ್ನ ಕೆಲಸ.
ಅಲ್ಲಿ ಪ್ಲೇಟಿನ ಚಿಲ್ಲರ್ ಅದ, ಟಿಫಿನ್ ಡಬ್ಬಿಯಷ್ಟ,
ಕಣ್ಣು ಮುಚ್ಚಿ ತೆಗೆಯೂದರಾಗ ತಣ್ಣಗ.
ಆದರ ಅದರ ಹೊಟ್ಟಿ ಬಿಚ್ಚಿ ನೋಡೀನಿ ನಾ,
ಪ್ಲೇಟು ಪ್ಲೇಟಿನ ನಡುವ ಹೋದ ವರ್ಷದ ಕೆಂಪು.
ಕಾಣದ್ದನ್ನ ತೊಳದೀನಿ ಅಂತ ಹೆಂಗ ಹೇಳಲಿ?
ಪೈಪಿನೊಳಗಿನ ಪೈಪೂ ಬ್ಯಾಡ, ಅದರ ಕತಿನೂ ಅದೇ.
ನನಗ ಬೇಕಾದ್ದು ಬರೇ ಒಂದು ಸುರುಳಿ:
ಎತ್ತಿ ಹಿಡದರ ಪೂರಾ ಕಾಣಬೇಕು,
ಹುಣಸಿಹಣ್ಣಿಲೆ ತಿಕ್ಕಿದರ ಬೆಳಗಬೇಕು.

ಕನ್ನಾ ಚೌಕದ ಹಿಂದ ಬಾಬುಲಾಲ ಅತ್ತಾರ, ಫ್ರಿಜ್ ರಿಪೇರಿ.
ಮೂರು ಸೂತಿನ ತಾಮ್ರದ ನಳಗಿ, ಐವತ್ತು ಫೂಟು.
"ಏಸಿ ಕೂಡಸ್ತೀರೇನ್ ಬಾಯಿ?"
ಹ್ಞೂಂ ಅಂದೆ.
ಅವನೇ ಹೇಳಿಕೊಟ್ಟ: ಖಾಲಿ ನಳಗಿ ಮಣಿಸಬ್ಯಾಡ್ರಿ, ಸೊಂಟ ಮುರೀತದ.
ಒಣಾ ಉಪ್ಪು ತುಂಬರಿ, ಎರಡೂ ಬಾಯಿ ಬಡದು ಮುಚ್ಚರಿ,
ಆಮ್ಯಾಲೆ ನೀರು ಬಿಟ್ಟರ ಉಪ್ಪು ತಾನ ಕರಗಿ ಹೋಗತದ.
ಸಣ್ಣ ಸಿಲಿಂಡರಿಗೆ ಸುತ್ತಿದೆ.
ಆರನೇ ಸುತ್ತಿನಾಗ ಒಂದು ಕಡೆ ಚಪ್ಪಟ ಆತು. ಇರಲಿ.

ತೊಳೆದು ಬಟ್ಟಿ ಹಗ್ಗಕ್ಕ ತೂಗು ಹಾಕಿದ್ದೆ.
ಬಾಜೂ ಖೋಲಿಯ ಭೌರವ್ವ ಬಂದಾಕಿ
ನೋಡಿದ ಕೂಡಲೇ ನನ್ನ ಬಾಗಿಲಾ ಮುಚ್ಚಿದಳು.
"ಹುಚ್ಚಿ, ಇದನ್ನ ಬಿಸಲಿಗೆ ಹಾಕತಾರೇನ?
ನಮ್ಮತ್ತಿ ಕಣಕಿ ಬಣವ್ಯಾಗ ಹುಗೀತಿದ್ದಳು.
ಪೊಲೀಸರು ಗಡಗಿ ಒಡದರು, ಸುರುಳಿ ಸಿಗಲಿಲ್ಲ."
ಬೆರಳಿಲೆ ಸುತ್ತು ಎಣಿಸಿದಳು. ಹದಿನೇಳು.
"ಹಬಿ ಯಾವ ಕಡಿಂದ ಬರತದ?"
ಹಬಿ ಇಲ್ಲ ಆಯಿ. ಒಳಗ ತಣ್ಣೀರು ಹರೀತದ,
ರಸ ಹೊರಗ, ಸುರುಳಿ ಅದರಾಗ ಮುಳಗತದ.
ಭಾಳ ಹೊತ್ತು ಸುಮ್ಮನಿದ್ದಳು.
"ಅಂದರ ನಮ್ಮದು ನೀರಾಗ ಕುಂತು ಶೆರೆ ಹೊರತಿತ್ತು,
ನಿಂದು ಶೆರೆಯಾಗ ಕುಂತು ನೀರು ಹೊರತದ.
ಒಳಗಿಂದು ಹೊರಗ ಮಾಡೀಯಲ್ಲ ಶೇವಂತಾ!"

ಐತವಾರ. ಕಡೀ ಹತ್ತು ನಿಮಿಷ ಸುರುಳಿನೂ ರಸದ ಕೂಡ ಕುದೀತು.
ನಳಕ್ಕ ಒತ್ತಡ ಎಲ್ಲಿಂದ? ಕೂಲರಿನ ಪಂಪು ಬಿಚ್ಚಿ
ಬ್ಯಾರಲಿಗೆ ಹಾಕಿದೆ. ರಸ ತಣೀಲಿ ಅಂತ
ನಾವಿಬ್ಬರೂ ಬೆವತು ನೀರಾದೆವು.
ತೊಂಬತ್ತೆಂಟು. ಎಪ್ಪತ್ತು. ಐವತ್ತೆರಡು.
ನಲವತ್ತೊಂದಕ್ಕ ಬಂದು ಎಮ್ಮಿ ಹಂಗ ನಿಂತಿತು.
ಬ್ಯಾರಲಿನ ನೀರೇ ಮೂವತ್ತಾರಿದ್ದರ
ತಾಮ್ರ ತಾನ ಏನು ಮಾಡೀತು?

ಭೌರವ್ವ ಸೆರಗು ಸಿಗಿಸಿಕೊಂಡು ಹೋದಾಕಿ
ಕಬ್ಬಿನಹಾಲಿನ ಗಾಡಿಯವನ ಕೂಡ ಜಗಳಾಡಿ
ಗೋಣಿ ಸುತ್ತಿದ ಅರ್ಧ ಲಾದಿ ಬರಫು ತಂದಳು.
ಒಡದು ಬಕೀಟಿಗೆ ಹಾಕಿ, ಪಂಪು ಅದರಾಗ ಇಳಿಸಿ,
"ಸುರುಳಿ ಅಲ್ಲಾಡಸು. ಸುಮ್ಮ ಬಿಟ್ಟರ
ತನ್ನ ಸುತ್ತಷ್ಟ ತಣ್ಣಗ ಮಾಡಿಕೊಂಡು ಕುಂಡರತದ."
ಇದನ್ನ ಅಕಿಗೆ ಯಾರು ಕಲಿಸಿದರು, ಕೇಳಲಿಲ್ಲ.
ಇಪ್ಪತ್ನಾಕು. ಡಬರಿ ತಳಕ್ಕ ಬಿಳೀ ಮೋಡ ಇಳದು ಕುಂತಿತ್ತು.

ಮೊದಲ ಬಂದ ಬಿಸಿನೀರು ಎರಡು ಬಕೀಟು, ಚೆಲ್ಲಿರಲಿಲ್ಲ.
ಅದರಾಗ ನೋಯೋ ಕಾಲು ಇಟ್ಟುಕೊಂಡು ಕುಂತು ಕೇಳಿದಳು,
"ಕುಡಿಯೂದು ಯಾವಾಗ?"
ಮೂರು ವಾರ.
"ಮೂರು ವಾರ!" ಕಾಲು ತಗದು ಮತ್ತ ಇಟ್ಟಳು.
"ಪೊಲೀಸರು ನಮಗ ಅಷ್ಟು ಪುರಸೊತ್ತು ಕೊಡತಿದ್ದಿಲ್ಲ."